ಮೈಕ್ ಬರುವ ಮೊದಲು: ಕಾಸರಗೋಡಿನವರಿಗೆ ಒಂದಿಷ್ಟು ತಯಾರಿ

ಕಾಸರಗೋಡಿನಲ್ಲಿ ಮಾಧ್ಯಮದವರಿಗೆ ಕೊರತೆ ಇಲ್ಲ. ಮಂಗಳೂರು ಆವೃತ್ತಿಯ ಕನ್ನಡ ಪತ್ರಿಕೆಗಳ ವರದಿಗಾರರು ಇದ್ದಾರೆ, ಮಲಯಾಳ ಪತ್ರಿಕೆಯವರು ಇದ್ದಾರೆ, ಎರಡೂ ಭಾಷೆಯ ಟಿವಿ ಚಾನೆಲ್‌ನವರು ಬರುತ್ತಾರೆ. ಮೊಬೈಲ್ ಹಿಡಿದ ಯೂಟ್ಯೂಬ್ ಚಾನೆಲ್‌ಗಳಂತೂ ಪೇಟೆ ಪೇಟೆಯಲ್ಲಿ. ಕೊರತೆ ಇರುವುದು ನಮ್ಮ ತಯಾರಿಯಲ್ಲಿ. ಶಾಲೆಯ ಮುಂದೆ ಧರಣಿ ಇರುತ್ತದೆ, ಮೈಕ್ ಬಂದ ಕೂಡಲೇ ಯಾರೋ ಒಬ್ಬರನ್ನು ಹಿಂದಿನಿಂದ ತಳ್ಳುತ್ತಾರೆ: "ನೀವೇ ಹೇಳಿ ಮಾಷ್ಟ್ರೇ, ನಿಮಗೆ ಮಾತು ಬರ್ತದೆ." ಮಾಷ್ಟ್ರು ಗಂಟಲು ಸರಿಮಾಡಿ ಶುರು ಮಾಡುತ್ತಾರೆ. "ಕಳೆದ ಹಲವಾರು ವರ್ಷಗಳಿಂದ ಗಡಿನಾಡ ಕನ್ನಡಿಗರು ನಾನಾ ರೀತಿಯ ಸಮಸ್ಯೆಗಳನ್ನು ಎದುರಿಸುತ್ತಾ ಬಂದಿದ್ದು..." ಅಷ್ಟರಲ್ಲಿ ಕ್ಯಾಮೆರಾ ಪಕ್ಕದಲ್ಲಿ ಕೂಗಾಡುತ್ತಿರುವವರ ಕಡೆ ತಿರುಗಿರುತ್ತದೆ. ರಾತ್ರಿ ಟಿವಿಯಲ್ಲಿ ಬರುವುದೂ ಆ ಕೂಗಾಟವೇ.

ನಾನು ಕೆಲವು ವರ್ಷ ಕುಂಬಳೆ, ಬದಿಯಡ್ಕ ಕಡೆಯ ಸುದ್ದಿ ಬರೆಯುತ್ತಿದ್ದೆ. ಈಗ ಊರಿನ ಸಮಿತಿಗಳಿಗೆ ಪ್ರೆಸ್ ನೋಟ್ ಬರೆದುಕೊಡುತ್ತೇನೆ. ಮೈಕಿನ ಎರಡೂ ಕಡೆ ನಿಂತು ನೋಡಿದ ಮೇಲೆ ಒಂದು ಮಾತು ಖಚಿತವಾಗಿದೆ. ಏನು ಹೇಳಬೇಕು ಅಂತ ನಾವು ಮೊದಲೇ ತೀರ್ಮಾನಿಸದಿದ್ದರೆ, ಕೇಳುವವರು ನಮ್ಮ ಪರವಾಗಿ ತೀರ್ಮಾನಿಸುತ್ತಾರೆ. ಗಡಿಯಲ್ಲಿರುವ ನಮಗೆ ಈ ಅಪಾಯ ಜಾಸ್ತಿ. ಇಲ್ಲಿ ಚರಂಡಿಯ ಬಗ್ಗೆ ಮಾತಾಡಿದರೂ ಅದು ಕನ್ನಡ–ಮಲಯಾಳ ಜಗಳವಾಗಿ ಹೊರಗೆ ಬರಬಹುದು.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮೂರಿನ ಸರ್ಕಾರಿ ಹೈಸ್ಕೂಲಿನ ಕನ್ನಡ ಮಾಧ್ಯಮ ವಿಭಾಗಕ್ಕೆ ಗಣಿತ ಕಲಿಸಲು ಕನ್ನಡ ಬಾರದ ಟೀಚರ್ ಬಂದಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಎದ್ದ ವಿಷಯ ಇದು, ಹಾಗಾಗಿ ವಿವರಿಸಬೇಕಾಗಿಲ್ಲ. ನೀವು ಶಾಲೆಯ ಪಿಟಿಎಯಲ್ಲಿ (ಪೋಷಕರ-ಶಿಕ್ಷಕರ ಸಂಘ) ಇದ್ದೀರಿ. ನಾಳೆ ಬೆಳಿಗ್ಗೆ ಪೋಷಕರ ಪ್ರತಿಭಟನೆ, ಚಾನೆಲ್‌ನವರು ಬರುತ್ತಾರೆ. ಇವತ್ತು ರಾತ್ರಿ ಏನು ಮಾಡಬೇಕು?

ಯಾರ ಕಿವಿಗೆ ಬೀಳಬೇಕು?

ಮೊದಲು ಇದನ್ನು ಕೇಳಿಕೊಳ್ಳಿ. "ಎಲ್ಲರಿಗೂ ಗೊತ್ತಾಗಲಿ" ಅನ್ನುವುದು ಉತ್ತರ ಅಲ್ಲ. ಈ ಸಮಸ್ಯೆಯನ್ನು ಬಗೆಹರಿಸುವ ಅಧಿಕಾರ ಯಾರಿಗೆ ಉಂಟು? ಪ್ರೈಮರಿ ಶಾಲೆಯಾದರೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿ, ಹೈಸ್ಕೂಲಾದರೆ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ), ಅವರ ಮೇಲೆ ಜಿಲ್ಲೆಯ ಡಿಡಿಇ (ಶಿಕ್ಷಣ ಉಪನಿರ್ದೇಶಕರು). ನಮ್ಮ ಉದಾಹರಣೆಯಲ್ಲಿ ಎಇಒ ಅವರನ್ನು ಬೈದರೆ ಅವರು ನಕ್ಕು ಸುಮ್ಮನಾಗಬಹುದು, ಯಾಕೆಂದರೆ ಹೈಸ್ಕೂಲು ಅವರ ವ್ಯಾಪ್ತಿಯಲ್ಲೇ ಇಲ್ಲ. ಪಂಚಾಯತ್ ಮೆಂಬರನ್ನು ಬೈದರೂ ಅಷ್ಟೇ. ತಪ್ಪು ಬಾಗಿಲು ಬಡಿದವರ ಮಾತನ್ನು ಸರಿಯಾದ ಬಾಗಿಲಿನವರು ಆರಾಮವಾಗಿ ಕೇಳದೆ ಬಿಡುತ್ತಾರೆ.

ಯಾರು ಅಂತ ತಿಳಿದ ಮೇಲೆ, ಅವರಿಗೆ ಯಾವ ಮಾಧ್ಯಮ ತಲುಪುತ್ತದೆ ಅಂತ ಯೋಚಿಸಿ. ವಿದ್ಯಾನಗರದ ಕಲೆಕ್ಟರೇಟಿನಲ್ಲೂ ತಿರುವನಂತಪುರದಲ್ಲೂ ಓದುವುದು ಮಲಯಾಳ ಪತ್ರಿಕೆ. ಬೆಂಗಳೂರಿನ ಚಾನೆಲ್‌ನಲ್ಲಿ ಬಂದರೆ ನಮಗೆ ಖುಷಿ, ನೆಂಟರು ಫೋನ್ ಮಾಡುತ್ತಾರೆ, ಕ್ಲಿಪ್ ಸ್ಟೇಟಸ್‌ಗೆ ಹೋಗುತ್ತದೆ. ಆದರೆ ಗಣಿತದ ಟೀಚರನ್ನು ಕೊಡಬೇಕಾದವರು ಆ ಚಾನೆಲ್ ನೋಡುವುದಿಲ್ಲ. ಎರಡೂ ಬೇಕು, ಸರಿ. ಒಂದನ್ನೇ ಆರಿಸಬೇಕಾಗಿ ಬಂದರೆ ನಾನಂತೂ ಮಲಯಾಳ ಪತ್ರಿಕೆಯ ಸ್ಥಳೀಯ ವರದಿಗಾರನಿಗೆ ಮೊದಲು ಫೋನ್ ಮಾಡುತ್ತೇನೆ. ಇದಕ್ಕೆ ಬೇಸರ ಮಾಡಿಕೊಳ್ಳುವ ಸ್ನೇಹಿತರು ನನಗಿದ್ದಾರೆ.

ಒಂದೇ ಒಂದು ವಾಕ್ಯ

ಈಗ ಕಷ್ಟದ ಕೆಲಸ. ನಾಳೆ ಪತ್ರಿಕೆಯಲ್ಲಿ ನಿಮ್ಮ ಒಂದೇ ವಾಕ್ಯ ಬರುವುದಾದರೆ ಅದು ಯಾವುದಾಗಿರಬೇಕು? ಬರೆಯಿರಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಆಗುವುದಿಲ್ಲ, ಕಾಗದದ ಮೇಲೆ ಬರಬೇಕು.

ಮೊದಲ ಸಲ ಹೆಚ್ಚಿನವರು ಹೀಗೆ ಬರೆಯುತ್ತಾರೆ: "ಗಡಿನಾಡಿನ ಕನ್ನಡ ಮಕ್ಕಳಿಗೆ ನಿರಂತರ ಅನ್ಯಾಯವಾಗುತ್ತಿದೆ." ಸುಳ್ಳು ಅಂತ ಯಾರೂ ಹೇಳುವುದಿಲ್ಲ. ಆದರೆ ಇದಕ್ಕೆ ಯಾರೂ ಉತ್ತರ ಕೊಡಬೇಕಾಗಿಯೂ ಇಲ್ಲ. ಮಂತ್ರಿಯೂ "ಹೌದು, ಗಮನಿಸುತ್ತೇವೆ" ಅಂದು ಕಾರು ಹತ್ತಬಹುದು.

ಎರಡನೇ ಸಲ: "ನಮ್ಮ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದ್ದಾರೆ." ಪರವಾಗಿಲ್ಲ, ವಿಷಯ ಬಂತು. ಆದರೆ ಮಕ್ಕಳಿಗೆ ಏನಾಗಿದೆ, ನಮಗೆ ಏನು ಬೇಕು, ಯಾವಾಗ ಬೇಕು, ಯಾವುದೂ ಇಲ್ಲ.

ಮೂರನೇ ಸಲ: "ಒಂಬತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಜೂನ್‌ನಿಂದ ಗಣಿತ ಪಾಠ ಅರ್ಥವಾಗುತ್ತಿಲ್ಲ, ಓಣಂ ಪರೀಕ್ಷೆಗೆ ಮೊದಲು ಕನ್ನಡ ಬಲ್ಲ ಟೀಚರ್ ಬೇಕು." ಇದು ಸಾಕು. (ಓಣಂ ಪರೀಕ್ಷೆ ಅಂದರೆ ಓಣಂ ರಜೆಗೆ ಮೊದಲು ಬರುವ ಮೊದಲ ಟರ್ಮಿನ ಪರೀಕ್ಷೆ.) ಇದರಲ್ಲಿ ಯಾರು, ಏನು, ಯಾವಾಗಿನಿಂದ, ಎಷ್ಟರೊಳಗೆ ಎಲ್ಲವೂ ಉಂಟು. ಕತ್ತರಿಸಲು ಜಾಗವೇ ಇಲ್ಲ. ಟಿವಿಯಲ್ಲಿ ಸಾಮಾನ್ಯವಾಗಿ ನಮ್ಮ ಮಾತು ಉಳಿಯುವುದು 15–20 ಸೆಕೆಂಡ್. ಆ ಅಳತೆಗೆ ಇದು ಸರಿಹೊಂದುತ್ತದೆ.

ಬರೆದದ್ದನ್ನು ಮನೆಯಲ್ಲಿ ಅಮ್ಮನಿಗೋ ಪಕ್ಕದ ಮನೆಯ ಅಕ್ಕನಿಗೋ ಒಮ್ಮೆ ಹೇಳಿ ನೋಡಿ. ಐದು ನಿಮಿಷ ಬಿಟ್ಟು, "ನಾನು ಏನು ಹೇಳಿದೆ?" ಅಂತ ಕೇಳಿ. ಅವರು ಹೇಳುವುದೇ ನಾಳೆ ಜನರ ತಲೆಯಲ್ಲಿ ಉಳಿಯುವುದು. ಅವರಿಗೆ ಓಣಂ ಪರೀಕ್ಷೆ ನೆನಪಿದ್ದು ಗಣಿತ ಮರೆತುಹೋಗಿದ್ದರೆ ವಾಕ್ಯವನ್ನು ತಿರುಗಿಸಿ ಬರೆಯಿರಿ.

ವಾಕ್ಯದ ಬೆನ್ನಿಗೆ ಕಣ್ಣಿಗೆ ಕಾಣುವ ಒಂದು ಸಂಗತಿ ಇರಲಿ. ಮಗುವಿನ ಗಣಿತದ ನೋಟ್‌ಬುಕ್ ತನ್ನಿ. ಬೋರ್ಡಿನಲ್ಲಿದ್ದ ಲೆಕ್ಕವನ್ನು ಅಂದವಾಗಿ ಇಳಿಸಿಕೊಂಡಿರುತ್ತಾರೆ, ಅಂಕಿಗಳು ಸಾಲಾಗಿ ಇರುತ್ತವೆ. ಯಾಕೆ ಹಾಗೆ ಮಾಡಿದ್ದು ಅಂತ ಟೀಚರ್ ಹೇಳಿದ ವಿವರಣೆ ಬರೆಯಬೇಕಾದ ಜಾಗ ಮಾತ್ರ ಖಾಲಿ. ಪುಟದಿಂದ ಪುಟಕ್ಕೆ ಖಾಲಿ. ಕ್ಯಾಮೆರಾದವರು ಅದನ್ನು ಬಿಡುವುದಿಲ್ಲ. ರಟ್ಟಿನ ಮೇಲಿರುವ ಹೆಸರಿಗೆ ಕಾಗದ ಅಂಟಿಸಿ ಕೊಡಿ.

ಕೈಯಲ್ಲಿ ಕಾಗದ

ಪ್ರತಿಭಟನೆಗೆ ಮೊದಲು ಅರ್ಜಿ ಕೊಟ್ಟಿದ್ದೀರಾ? ಕೊಡದಿದ್ದರೆ ಇವತ್ತೇ ಕೊಡಿ. ವರದಿಗಾರ ಸಂಜೆ ಅಧಿಕಾರಿಗೆ ಫೋನ್ ಮಾಡಿ ಕೇಳಿಯೇ ಕೇಳುತ್ತಾನೆ. "ನಮಗೆ ದೂರೇ ಬಂದಿಲ್ಲ" ಅಂತ ಅಲ್ಲಿಂದ ಬಂದರೆ ನಿಮ್ಮ ಸುದ್ದಿ ಅರ್ಧ ಬಿದ್ದಂತೆ. ಅರ್ಜಿ ಕನ್ನಡದಲ್ಲೇ ಇರಬಹುದು. ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಬೇಗ ಓದಲಿ ಅನ್ನುವುದಿದ್ದರೆ ಜೊತೆಗೆ ಮಲಯಾಳದ ಪ್ರತಿಯನ್ನೂ ಇಡಿ. ಕಚೇರಿಯ ಸೀಲು, ತಾರೀಕು ಇರುವ ಪ್ರತಿ ನಿಮ್ಮ ಕಿಸೆಯಲ್ಲಿ ಇರಲಿ.

ಕಾನೂನು ಎತ್ತುವ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿ ಸ್ವಲ್ಪ ಜಾಗ್ರತೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಕೊಡಬೇಕು ಅಂತ ಹೇಳುವುದು 350ಎ ವಿಧಿ. ನಮ್ಮ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಇದು ಬರುತ್ತದೆ. ಆದರೆ ಆ ವಿಧಿ ಹೇಳುವುದು ಪ್ರಾಥಮಿಕ ಹಂತದ ಶಿಕ್ಷಣದ ಬಗ್ಗೆ. ಒಂಬತ್ತನೇ ಕ್ಲಾಸಿನ ವಿಷಯಕ್ಕೆ ಅದನ್ನು ಎಳೆದು ತಂದರೆ, ತಿಳಿದ ಅಧಿಕಾರಿ ಒಂದೇ ವಾಕ್ಯದಲ್ಲಿ ನಿಮ್ಮನ್ನು ಕೂರಿಸಿಬಿಡುತ್ತಾರೆ. ಅದಕ್ಕಿಂತ, "ಕನ್ನಡ ಮಾಧ್ಯಮ ಅಂತ ಸರ್ಕಾರವೇ ನಡೆಸುವ ಕ್ಲಾಸು ಇದು, ಆ ಹುದ್ದೆಗೆ ಕನ್ನಡ ಗೊತ್ತಿರಬೇಕಲ್ವಾ?" ಅಂತ ಕೇಳಿ. ಅದಕ್ಕೆ ವಿಧಿ ಬೇಡ, ಸಾಮಾನ್ಯ ತಿಳಿವಳಿಕೆ ಸಾಕು.

ಇನ್ನೊಂದು. ವಾಟ್ಸಾಪಿನಲ್ಲಿ ಬಂದದ್ದನ್ನು ಮೈಕಿನ ಮುಂದೆ ಹೇಳಬೇಡಿ. 2021ರ ಜೂನ್ ನೆನಪಿರಬಹುದು. ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಕೇರಳ ಸರ್ಕಾರ ಮಲಯಾಳಕ್ಕೆ ಬದಲಿಸುತ್ತಿದೆ, ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ ಅಂತ ಕರ್ನಾಟಕದಲ್ಲಿ ದೊಡ್ಡ ಸುದ್ದಿಯಾಯಿತು. ಮಾಜಿ ಮುಖ್ಯಮಂತ್ರಿಗಳೇ ಹೇಳಿಕೆ ಕೊಟ್ಟರು. ಅಂಥ ಪ್ರಸ್ತಾವವೇ ಇಲ್ಲ ಅಂತ ಕೇರಳದ ಕಡೆಯಿಂದ ಸ್ಪಷ್ಟನೆ ಬಂತು. ಹೆಸರಿನ ಬಗ್ಗೆ ನಮಗಿರುವ ಆತಂಕ ಹುಟ್ಟಿದ್ದು ಸುಮ್ನೆ ಅಲ್ಲ, ಬೋರ್ಡುಗಳಲ್ಲಿ ಊರಿನ ಹೆಸರು ಬೇರೆ ರೂಪದಲ್ಲಿ ಕಾಣುವುದು ನಮಗೆಲ್ಲ ಗೊತ್ತು. ಆದರೆ ಬೋರ್ಡಿನ ಫೋಟೋ ಇದ್ದರೆ ಬೋರ್ಡಿನ ಬಗ್ಗೆ ಮಾತಾಡಬೇಕು. ಆದೇಶದ ಬಗ್ಗೆ ಮಾತಾಡಲು ಆದೇಶದ ಪ್ರತಿ ಬೇಕು. ಅದಿಲ್ಲದೆ ಮಾತಾಡಿದರೆ ಮುಂದಿನ ಸಲ ನಿಜ ಹೇಳಿದಾಗಲೂ "ಇವರದ್ದು ಯಾವಾಗಲೂ ಇದೇ" ಅನ್ನುತ್ತಾರೆ.

ಅಂಕಿ ಹೇಳುವುದಾದರೆ ಎಣಿಸಿಯೇ ಹೇಳಿ. "ನೂರಾರು ಮಕ್ಕಳು" ಬೇಡ. ಆ ಕ್ಲಾಸಿನಲ್ಲಿ 23 ಮಕ್ಕಳಿದ್ದರೆ 23 ಅನ್ನಿ. ಸಣ್ಣ ಅಂಕಿ ಅಂತ ನಾಚಿಕೆ ಬೇಡ, ಸರಿಯಾದ ಅಂಕಿಗೆ ಬೇರೆಯೇ ತೂಕ.

ಬೇಡದ ಪ್ರಶ್ನೆ ಬಂದೇ ಬರುತ್ತದೆ

ನಿಮ್ಮ ವಾಕ್ಯ ಮುಗಿಯುವ ಮೊದಲೇ ಕೇಳುತ್ತಾರೆ: "ಹಾಗಾದರೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕಾ?"

ಇದು ನಮಗೆ ಇಡುವ ಹಳೆಯ ಗಾಳ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದು, ಗಡಿ ತಗಾದೆ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ, ಅದರ 1967ರ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಅನ್ನುವ ಶಿಫಾರಸು, ಇಷ್ಟೂ ನಮಗೆ ಬಾಯಿಪಾಠ. ಮಾತಾಡಲು ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ. ನಿಮ್ಮ ಅಭಿಪ್ರಾಯ ಏನೇ ಇರಲಿ, ಅದಕ್ಕೆ ಬೇರೆ ದಿನ, ಬೇರೆ ವೇದಿಕೆ ಉಂಟು. ಇವತ್ತು ಅದಕ್ಕೆ ಉತ್ತರ ಕೊಟ್ಟರೆ ಹೆಡ್ಡಿಂಗ್ ಅದೇ ಆಗುತ್ತದೆ, ಗಣಿತದ ಟೀಚರ್ ಆರನೇ ಸಾಲಿಗೆ ಹೋಗುತ್ತಾರೆ. ಹೀಗೆ ಹೇಳಿ: "ಅದು ದೊಡ್ಡ ವಿಷಯ ಅಣ್ಣ. ನಾವು ಇವತ್ತು ಬಂದದ್ದು ಮಕ್ಕಳ ಗಣಿತಕ್ಕೆ. ಓಣಂ ಪರೀಕ್ಷೆಗೆ ಮೊದಲು ಟೀಚರ್ ಬೇಕು." ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳಿ. ಒಂದೇ ಮಾತನ್ನು ಮೂರು ಸಲ ಹೇಳಿದರೆ ಎದುರಿಗಿದ್ದವರಿಗೆ ಬೋರ್ ಆಗಬಹುದು, ಎಡಿಟ್ ಆಗಿ ಬರುವುದು ಒಂದೇ ಸಲ.

ಮಲಯಾಳ ಚಾನೆಲ್‌ನವರ ಪ್ರಶ್ನೆ ಬೇರೆ ಥರ: "ನಿಮಗೆ ಮಲಯಾಳ ಕಲಿಯಲು ಇಷ್ಟ ಇಲ್ಲವಾ?" 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ಇಲ್ಲಿ ನಡೆದ ಪ್ರತಿಭಟನೆ ಅವರಿಗೂ ನೆನಪಿದೆ. ಸಿಟ್ಟು ಮಾಡಿಕೊಂಡರೆ ಸೋತಿರಿ. "ಮಲಯಾಳ ಕಲಿಯುವುದು ಬೇರೆ, ಗಣಿತವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕೇಳುವುದು ಬೇರೆ. ನಿಮ್ಮ ಮಗುವಿಗೆ ಯಾರಾದರೂ ಕನ್ನಡದಲ್ಲಿ ಗಣಿತ ಕಲಿಸಿದರೆ?" ಅಂತ ನಗುತ್ತಾ ಕೇಳಿ. ಮಲಯಾಳಿ ತಂದೆ ತಾಯಿಗೆ ಇದು ಕೂಡಲೇ ಅರ್ಥವಾಗುತ್ತದೆ.

"ಟೀಚರ್ ಹೆಸರೇನು?" ಹೇಳಬೇಡಿ. ಎಲ್ಲೋ ತೆಂಕು ಜಿಲ್ಲೆಯಿಂದ ಕೆಲಸಕ್ಕೆ ಅಂತ ಬಂದು, ಅರ್ಥವಾಗದ ಮುಖಗಳ ಮುಂದೆ ದಿನಾ ನಿಲ್ಲುವ ಅವರಿಗೂ ಕಷ್ಟವೇ. ತಪ್ಪು ಹುದ್ದೆ ತುಂಬಿದ ಕ್ರಮದಲ್ಲಿ ಇದೆ. "ಯಾವ ಪಕ್ಷ ಕಾರಣ?" ಅನ್ನುವುದಕ್ಕೆ, ಪಿಟಿಎಯಲ್ಲಿ ಎಲ್ಲ ಪಕ್ಷದವರೂ ಇದ್ದಾರೆ ಅಂದರೆ ಸಾಕು.

ಎರಡು ರಾಜ್ಯದ ನಡುವೆ ಸಿಕ್ಕಿಕೊಂಡಾಗ ಈ ಗಾಳ ಇನ್ನೂ ಗಟ್ಟಿ. 2020ರ ಮಾರ್ಚ್ ಕೊನೆಗೆ, ಕೊರೊನಾ ಲಾಕ್‌ಡೌನಿನ ಹೊತ್ತಿಗೆ, ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಗಡಿಯ ತಲಪಾಡಿಯ ಈಚೆ ಉಳಿದರು. ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು ವಿಷಯ. ಅಂಥ ಹೊತ್ತಿನಲ್ಲಿ ಒಂದು ಕಡೆಯವರು ಕರ್ನಾಟಕವನ್ನು ಬೈಸಲು ನೋಡುತ್ತಾರೆ, ಇನ್ನೊಂದು ಕಡೆಯವರು ಇಷ್ಟು ವರ್ಷ ಇಲ್ಲಿ ದೊಡ್ಡ ಆಸ್ಪತ್ರೆ ಕಟ್ಟದ ಕೇರಳವನ್ನು. ಬೈದರೆ ಎರಡು ಕಡೆಗೂ ಸುದ್ದಿ ಸಿಕ್ಕಿತು. "ಅಪ್ಪನಿಗೆ ನಾಡಿದ್ದು ಡಯಾಲಿಸಿಸ್ ಆಗಬೇಕು, ಆಂಬ್ಯುಲೆನ್ಸ್ ಬಿಡಬೇಕು" ಅಂದರೆ ಬಿಡಬೇಕಾದವನ ಮೇಲೆ ಒತ್ತಡ ಬಿತ್ತು.

ಇವತ್ತು ರಾತ್ರಿ ಮಗನನ್ನೋ ಮಗಳನ್ನೋ ಕೂರಿಸಿ ಇಂಥ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿ. ನಮ್ಮ ಮುಖ ಅಷ್ಟು ಸಿಟ್ಟಾಗಿ ಕಾಣುತ್ತದೆ ಅಂತ ನೋಡುವ ತನಕ ಗೊತ್ತೇ ಇರುವುದಿಲ್ಲ!

ಯಾವ ಭಾಷೆಯಲ್ಲಿ ಹೇಳುವುದು

ಸಪ್ತಭಾಷಾ ಸಂಗಮ ಅಂತ ಭಾಷಣದಲ್ಲಿ ಹೇಳುತ್ತೇವೆ. ಮೈಕ್ ಮುಂದೆ ಅದು ಸ್ವಲ್ಪ ಕೈಕೊಡುತ್ತದೆ. ಕನ್ನಡದಲ್ಲಿ ಶುರುವಾಗಿ, ನಡುವೆ ತುಳುವಿಗೆ ಇಳಿದು, ಮಲಯಾಳದಲ್ಲಿ ಮುಗಿಯುವ ಮಾತನ್ನು ಯಾವ ಚಾನೆಲ್ಲೂ ಹಾಕಲಾರದು. ಆಯಾ ಮೈಕಿಗೆ ಆಯಾ ಭಾಷೆ, ಪೂರ್ತಿ.

ಮಲಯಾಳ ಚೆನ್ನಾಗಿ ಬರುವವರು ನಿಮ್ಮಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಆ ಕೆಲಸ ಅವರಿಗೆ ಬಿಡಿ. ಯಾರೂ ಇಲ್ಲದಿದ್ದರೆ ಮುಖ್ಯ ವಾಕ್ಯವನ್ನಾದರೂ ಕಲಿತಿಟ್ಟುಕೊಳ್ಳಿ. "ಕುಟ್ಟಿಗಳ್ಕ್ಕ್ ಕಣಕ್ಕ್ ಮನಸ್ಸಿಲಾಗುನ್ನಿಲ್ಲ" (ಮಕ್ಕಳಿಗೆ ಗಣಿತ ಅರ್ಥವಾಗುತ್ತಿಲ್ಲ) ಅಂತ ನೆಟ್ಟಗೆ ಹೇಳಿ, ಮುಂದಿನದ್ದನ್ನು ಕನ್ನಡದಲ್ಲಿ ಹೇಳಬಹುದೇ ಅಂತ ಕೇಳಿ. ಇಲ್ಲಿಯ ಮಲಯಾಳ ವರದಿಗಾರರಲ್ಲಿ ಕನ್ನಡ ತಿಳಿಯುವವರು ಎಷ್ಟೋ ಮಂದಿ. ಅರ್ಧಂಬರ್ಧ ಮಲಯಾಳದಲ್ಲಿ ಕಾನೂನು ವಿವರಿಸಲು ಹೋದರೆ ಮಾತ್ರ ಟ್ರೋಲ್ ಪೇಜಿನವರಿಗೆ ಊಟ ಹಾಕಿದ ಹಾಗೆ.

ಯಾರು ಮಾತಾಡಬೇಕು, ಯಾರು ಬೇಡ

ಗಟ್ಟಿ ಗಂಟಲಿನವರು ಬೇಡ. ವಿಷಯ ಮನೆಗೇ ಬಂದು ತಟ್ಟಿದವರು ಮಾತಾಡಲಿ. ಒಬ್ಬ ತಾಯಿ ಹೇಳುವ ಎರಡು ಮಾತಿಗೆ ಸಮಿತಿ ಅಧ್ಯಕ್ಷರ ಭಾಷಣ ಸಮ ಆಗುವುದಿಲ್ಲ. ಅಧ್ಯಕ್ಷರಿಗೆ ಬೇಸರವಾಗದ ಹಾಗೆ ಇದನ್ನು ಹೇಗೆ ಹೇಳುವುದು ಅನ್ನುವುದು ನಿಮ್ಮ ನಿಮ್ಮ ಊರಿನ ಲೆಕ್ಕಾಚಾರ. ಹೇಳಿಕೆಯ ಪ್ರೆಸ್ ನೋಟಿನಲ್ಲಿ ಅವರ ಹೆಸರು ಮೊದಲು ಹಾಕಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಸರ್ಕಾರಿ ನೌಕರಿಯಲ್ಲಿರುವ ಪೋಷಕರನ್ನು ಮೈಕಿನ ಮುಂದೆ ತಳ್ಳಬೇಡಿ. ಸರ್ಕಾರವನ್ನು ಬಹಿರಂಗವಾಗಿ ಟೀಕಿಸಲು ಅವರಿಗೆ ನಡತೆ ನಿಯಮಗಳು ಅಡ್ಡ ಬರುತ್ತವೆ. ಮಕ್ಕಳ ಕೈಗೆ ಮೈಕ್ ಕೊಡುವ ಬಗ್ಗೆ ನನ್ನ ಸಲಹೆ: ಬೇಡ. ಟೀಚರ್ ವಿರುದ್ಧ ಮಾತಾಡಿದ ಮಗು ಮರುದಿನ ಅದೇ ಕ್ಲಾಸಿಗೆ ಹೋಗಬೇಕು. ಇನ್ನು ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಸಲಹೆಯ ಪ್ರಶ್ನೆಯೇ ಇಲ್ಲ, ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಮಾಧ್ಯಮದಲ್ಲಿ ಕೊಡುವುದನ್ನು ಪೋಕ್ಸೋ ಕಾನೂನಿನ 23ನೇ ಸೆಕ್ಷನ್ ತಡೆಯುತ್ತದೆ. ಹೆಸರು ಮಾತ್ರ ಅಲ್ಲ, ಮನೆ, ಶಾಲೆ, ನೆರೆಕರೆ ಕೂಡ. "ಇಂಥ ಅಂಗಡಿಯ ಹಿಂದಿನ ಮನೆ" ಅಂದರೂ ನಮ್ಮಂಥ ಊರಿನಲ್ಲಿ ಎಲ್ಲ ಹೇಳಿದ ಹಾಗೆಯೇ.

ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಪೀಡಿತರಾದವರ ಮನೆಗಳನ್ನು ನೆನೆಸಿಕೊಳ್ಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದು 2000ನೇ ಇಸವಿಯ ತನಕ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕು ಅಂತ ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಇಷ್ಟು ವರ್ಷವೂ ಕ್ಯಾಮೆರಾಗಳು ಆ ಮನೆಗಳಿಗೆ ಬಂದವು, ಮಕ್ಕಳ ಫೋಟೋಗಳು ಲೋಕವೆಲ್ಲ ಸುತ್ತಿದವು. ಆ ಫೋಟೋಗಳಿಂದ ಹೋರಾಟಕ್ಕೆ ಬಲ ಬಂತು, ಅದು ನಿಜ. ಆದರೂ ಪ್ರತಿ ಸಲ ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದು ಅದೇ ಕಥೆ ಹೇಳುವ ತಾಯಿಗೆ "ಇವತ್ತು ಬೇಡ" ಅನ್ನುವ ಹಕ್ಕು ಉಂಟು. ಮೊದಲೇ ಅವರ ಹತ್ತಿರ ಕೂತು ಕೇಳಿ: ಫೋಟೋ ಆಗಬಹುದಾ, ಮುಖ ತೋರಿಸಬಹುದಾ, ಯಾವ ಪ್ರಶ್ನೆ ಬೇಡ. ಅವರು ಹೇಳಿದ್ದನ್ನು ವರದಿಗಾರ ಅಂಗಳಕ್ಕೆ ಬರುವ ಮೊದಲೇ ಅವನಿಗೆ ಫೋನಿನಲ್ಲಿ ತಿಳಿಸಿ. ಒಳ್ಳೆಯವರು ಒಪ್ಪುತ್ತಾರೆ. ಒಪ್ಪದವರು ಬಾರದಿದ್ದರೂ ನಷ್ಟ ಇಲ್ಲ.

ಫೋನ್ ಬಂದರೆ

ಬೈಕಿನಲ್ಲಿ ಹೋಗುವಾಗ ಫೋನ್ ಬಂದು "ಒಂದು ಬೈಟ್ ಬೇಕಿತ್ತು" (ಸುದ್ದಿಗೆ ಹಾಕಲು ನಿಮ್ಮ ಒಂದೆರಡು ಮಾತು) ಅಂದರೆ ಕೂಡಲೇ ಮಾತಾಡಬೇಡಿ. ಯಾವ ಪತ್ರಿಕೆ ಅಥವಾ ಚಾನೆಲ್, ಲೈವ್ ಹೌದಾ, ಬೇರೆ ಯಾರನ್ನು ಕೇಳುತ್ತಿದ್ದೀರಿ, ಎಷ್ಟು ಗಂಟೆಯೊಳಗೆ ಬೇಕು, ಇಷ್ಟು ಕೇಳಿ. ಆಮೇಲೆ "ಹತ್ತು ನಿಮಿಷದಲ್ಲಿ ನಾನೇ ಕರೆ ಮಾಡ್ತೇನೆ" ಅನ್ನಿ. ಆ ಹತ್ತು ನಿಮಿಷ ನಿಮ್ಮದು. ಆದರೆ ಕರೆ ಮಾಡಿಯೇ ಮಾಡಿ. ಸಂಜೆ ಪುಟ ಕಟ್ಟುವ ಹೊತ್ತಿಗೆ ಕೈಕೊಟ್ಟವರನ್ನು ಡೆಸ್ಕಿನವರು ಬೇಗ ಮರೆಯುವುದಿಲ್ಲ.

"ಸುಮ್ನೆ ಕೇಳಿದ್ದು, ಹಾಕುವುದಿಲ್ಲ" ಅನ್ನುವ ಮಾತಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಪರಿಚಯದ ವರದಿಗಾರ ಮಾತಿಗೆ ತಪ್ಪದಿರಬಹುದು, ಆದರೆ ಪಕ್ಕದಲ್ಲಿ ನಿಂತವರ ಮೊಬೈಲ್ ಆನ್ ಇರುತ್ತದೆ. ಅಂಗಿಗೆ ಸಿಕ್ಕಿಸಿದ ಸಣ್ಣ ಮೈಕನ್ನು ತೆಗೆಯುವ ತನಕ ಅಧಿಕಾರಿಯ ಬಗ್ಗೆ ಜೋಕ್ ಬೇಡ. ವಾಟ್ಸಾಪ್ ವಾಯ್ಸ್ ಕಳಿಸುವುದಾದರೆ ಒಂದು ವಿಷಯಕ್ಕೆ ಒಂದೇ ವಾಯ್ಸ್, ಅರ್ಧ ನಿಮಿಷದೊಳಗೆ.

ಮೈಕ್ ಮುಂದೆ ಮಾಡಬೇಕಾದ್ದು ಈಗ ಸ್ವಲ್ಪವೇ ಉಳಿದಿದೆ. ಹೆಸರು, ಮಗು ಯಾವ ಕ್ಲಾಸು ಅಂತ ಹೇಳಿ. ಆ ವಾಕ್ಯ ಹೇಳಿ. ನೋಟ್‌ಬುಕ್ ತೋರಿಸಿ. ಅರ್ಜಿಯ ತಾರೀಕು ಹೇಳಿ. ನಿಲ್ಲಿಸಿ. ಮೌನ ಬಂದರೆ ತುಂಬಿಸಲು ಹೋಗಬೇಡಿ, ನಮ್ಮ ಬಾಯಿಂದ ಬೇಡದ ಮಾತು ಜಾರುವುದು ಆ ಖಾಲಿ ಹೊತ್ತಿನಲ್ಲೇ. ಗೊತ್ತಿಲ್ಲದ್ದಕ್ಕೆ "ನೋಡಿ ಹೇಳ್ತೇನೆ" ಅನ್ನಿ, ನಿಜಕ್ಕೂ ನೋಡಿ ಹೇಳಿ. ಹೊರಡುವ ಮೊದಲು ಹೆಸರಿನ ಸ್ಪೆಲ್ಲಿಂಗ್, ಫೋನ್ ನಂಬರ್ ಬರೆದ ಚೀಟಿ, ಪ್ರೆಸ್ ನೋಟಿನ ಪ್ರತಿ ಕೊಡಿ.

ಮರುದಿನ

ಪತ್ರಿಕೆ ನೋಡಿದಾಗ ನಿಮ್ಮ ಮಾತು ಎರಡು ಸಾಲಾಗಿರಬಹುದು. ಅದಕ್ಕೆ ವರದಿಗಾರನ ಮೇಲೆ ರೇಗಬೇಡಿ, ಜಾಗ ಅವನ ಕೈಯಲ್ಲಿ ಇರುವುದಿಲ್ಲ, ಹೆಡ್ಡಿಂಗ್ ಕೊಡುವವನೂ ಅವನಲ್ಲ. ಆದರೆ ಹೇಳದ್ದನ್ನು ಹೇಳಿದ್ದಾರೆ ಅಂತ ಬಂದಿದ್ದರೆ ಸುಮ್ಮನಿರಬೇಡಿ. ಮೊದಲು ವರದಿಗಾರನಿಗೆ ಫೋನ್. ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ, ಮರುದಿನ ಸಣ್ಣ ತಿದ್ದುಪಡಿ ಬರುತ್ತದೆ. ಆಗದಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ: ಯಾವ ತಾರೀಕು, ಯಾವ ಪುಟ, ಏನು ಬಂದಿದೆ, ನಾನು ಹೇಳಿದ್ದೇನು. ಅದಕ್ಕೂ ಸರಿಯಾದ ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿ ಉಂಟು. ದಿನಪತ್ರಿಕೆ, ವಾರಪತ್ರಿಕೆಯಾದರೆ ಸುದ್ದಿ ಅಚ್ಚಾಗಿ 2 ತಿಂಗಳ ಒಳಗೆ ದೂರು ಹೋಗಬೇಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗೆ ಇರಬೇಕು.

ಪತ್ರಿಕಾ ಮಂಡಳಿ ಟಿವಿಯ ದೂರು ತೆಗೆದುಕೊಳ್ಳುವುದಿಲ್ಲ. ಚಾನೆಲ್ ಆದರೆ ತಡ ಮಾಡದೆ, ಕಾರ್ಯಕ್ರಮದ ದಿನ ಮತ್ತು ಹೊತ್ತು ಬರೆದು, ಅವರ ದೂರು ವಿಭಾಗಕ್ಕೇ ಮೇಲ್ ಕಳಿಸಿ. ಊರಿನ ಯೂಟ್ಯೂಬ್ ಚಾನೆಲ್ ಆದರೆ ನಡೆಸುವವನು ಪಕ್ಕದ ಪೇಟೆಯಲ್ಲೇ ಸಿಗುತ್ತಾನೆ. ಆದರೆ ಅವನನ್ನು ಕಾಣಲು ಹೋಗುವ ಮೊದಲು ವಿಡಿಯೋದ ಲಿಂಕ್ ಮತ್ತು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.